ಕಂಪ್ಯೂಟರು ಕೆಟ್ಟದ್ದು ಭಂಡಾರದಿಂದ ಎಂದು ಬರೆದ ಅಧಿಕಾರಿಗಳಿಗೆ

ಕಾಲೇಜುಗಳ ಕಂಪ್ಯೂಟರುಗಳನ್ನು ಪರಿಶೀಲಿಸಿ ತೀರ್ಪು ಕೊಡುವ ಮಾನ್ಯ ತಾಂತ್ರಿಕ ಅಧಿಕಾರಿಗಳೇ,

ತೆಲಂಗಾಣದ ನಾರಾಯಣಪೇಟೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರುಗಳು ಕೈಕೊಟ್ಟಿದ್ದಕ್ಕೆ ನನ್ನ ಸಹಪಾಠಿ ಮಲ್ಲೇಶ್ವರಿ ಅವುಗಳಿಗೆ ಹಚ್ಚಿದ ಭಂಡಾರವೇ, ಅಂದರೆ ಮೈಲಾರಲಿಂಗನ ಅರಿಶಿನ ಪುಡಿಯೇ, ಕಾರಣವೆಂದು ನೀವು ವರದಿ ಬರೆದಿದ್ದೀರಿ. ನಿಮ್ಮ ಆ ಒಂದು ವಾಕ್ಯದಿಂದ ಅವಳ ಪ್ರಾಕ್ಟಿಕಲ್ ಪರೀಕ್ಷೆಯ ಫಲಿತಾಂಶವನ್ನು ತಡೆಹಿಡಿದಿದ್ದಾರೆ. ಲ್ಯಾಬಿನ ಬಾಗಿಲು ಅವಳಿಗೆ ಮುಚ್ಚಿದೆ. ‘ನನ್ನ ಮೂಢನಂಬಿಕೆಯಿಂದ ಸರಕಾರಿ ಯಂತ್ರಗಳಿಗೆ ಹಾನಿಯಾಯಿತು’ ಎಂಬ ಹೇಳಿಕೆಗೆ ಅವಳು ಸಹಿ ಮಾಡದಿದ್ದರೆ ಬರುವ ಶುಕ್ರವಾರದ ಮರುಪರೀಕ್ಷೆಗೂ ಕೂರುವಂತಿಲ್ಲವಂತೆ. ನಾನು ಮೊದಲ ವರ್ಷದ ವಿದ್ಯಾರ್ಥಿನಿ. ದೊಡ್ಡವರ ಮುಂದೆ ನಿಂತರೆ ಬಾಯಿ ಒಣಗುವವಳು. ಆದರೂ ಬಾಯಿ ಒಣಗಿಸಿಕೊಂಡೇ ಹೇಳುತ್ತೇನೆ: ನಿಮ್ಮ ವರದಿ ತಪ್ಪು. ತಪ್ಪೆಂದು ತೋರಿಸಲು ನನ್ನಲ್ಲಿ ಸಾಕ್ಷಿ ಇದೆ. ಅದನ್ನು ನೋಡಲು ನಿಮಗೆ ಬಿಡುವಿಲ್ಲದ ಕಾರಣ ಪತ್ರಿಕೆಯ ಮೂಲಕ ಎಲ್ಲರಿಗೂ ತೋರಿಸಬೇಕಾಗಿ ಬಂದಿದೆ.

ಈ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸುಲಭವಿತ್ತು. ಐದನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ರಜೆ ಬೇಕಾದರೂ ಇಂಗ್ಲಿಷ್, ಜ್ವರ ಬಂದರೂ ಇಂಗ್ಲಿಷ್, ಕ್ಷಮೆ ಕೇಳುವುದಂತೂ ಇಂಗ್ಲಿಷಿನಲ್ಲೇ ರೂಢಿ. ತೆಲುಗಿನಲ್ಲಿ ಬರೆದಿದ್ದರೆ ನಮ್ಮ ಕಾಲೇಜಿನ ಎಲ್ಲರೂ ಓದುತ್ತಿದ್ದರು. ನನ್ನ ಕನ್ನಡವೋ, ಮಕ್ತಲದ ನಮ್ಮ ಮನೆಯಲ್ಲಿ ಅಜ್ಜಿ ಚನ್ನವೀರಮ್ಮ ರಾಯಚೂರಿನ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ ಓದಿಸಿ ಉಳಿಸಿದ್ದು. ನಡುನಡುವೆ ಇಂಗ್ಲಿಷ್ ಇಣುಕಿದರೆ ಓದುಗರು ಮನ್ನಿಸಬೇಕು. ಆದರೂ ಕನ್ನಡದಲ್ಲೇ ಬರೆಯುತ್ತಿರುವುದಕ್ಕೆ ಕಾರಣ ನೀವು. ಪರಿಶೀಲನೆಯ ದಿನ ಪ್ರಿನ್ಸಿಪಾಲರ ಜೊತೆ ನೀವು ತೆಲುಗಿನಲ್ಲಿ ನಗುನಗುತ್ತಾ ಮಾತಾಡಿದಿರಿ. ವರದಿಯನ್ನು ಇಂಗ್ಲಿಷಿನಲ್ಲಿ ಬರೆದಿರಿ. ಮಲ್ಲೇಶ್ವರಿಯನ್ನು ಬೈಯುವಾಗ ಮಾತ್ರ ಕನ್ನಡಕ್ಕೆ ಬಂದಿರಿ. ಲ್ಯಾಬಿನಲ್ಲಿದ್ದ ಬಹುಪಾಲು ಜನರಿಗೆ ಅದು ಅರ್ಥವಾಗಲಿಲ್ಲ. ಅರ್ಥವಾದ ಇಬ್ಬರಲ್ಲಿ ಒಬ್ಬಳು ಅವಳು, ಇನ್ನೊಬ್ಬಳು ನಾನು.

ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ. ನಮ್ಮ ಲ್ಯಾಬಿನ ಕಂಪ್ಯೂಟರುಗಳು ಹಳೆಯವು. ನಾನು ಅ ಆ ಇ ಈ ತಿದ್ದುತ್ತಿದ್ದ ಕಾಲಕ್ಕೆ ಅವು ಡಬ್ಬಿಯಿಂದ ಹೊರಬಂದಿರಬೇಕು. ಆದರೆ ಹಳೆಯವು ಎಂದರೆ ಕೆಟ್ಟವು ಎಂದಲ್ಲ. ನಮಗೆ ಪ್ರೋಗ್ರಾಮಿಂಗ್ ಕಲಿಸುವ ಮಾರ್ಕಂಡೇಯ ಸರ್ ಅವುಗಳ ಶಕ್ತಿ ನೋಡಿ ಲಿನಕ್ಸಿನ ಒಂದು ಹಗುರವಾದ ಬಗೆಯನ್ನು ಹಾಕಿಟ್ಟಿದ್ದರು. ಕಂಪ್ಯೂಟರಿನ ಭಾಗಗಳಿಂದ ಕೆಲಸ ತೆಗೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಲಿನಕ್ಸ್ ಅಂಥದ್ದೊಂದು, ವಿಂಡೋಸ್ ಇನ್ನೊಂದು. ಲಿನಕ್ಸಿನಲ್ಲಿ ನಮಗೆ ಕಷ್ಟವೇ ಇರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಲ್ಯಾಬಿನ ಪ್ರಿಂಟರು ಅದರ ಜೊತೆ ಎಂದೂ ನೆಟ್ಟಗೆ ಮಾತಾಡಲಿಲ್ಲ. ಕೆಲವು ಯಂತ್ರಗಳಲ್ಲಿ ಸದ್ದು ಬರುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪ್ ಮಾಡಬೇಕಾಗಿ ಬಂದಾಗ ಮೊದಲ ವಾರ ನಾನು ಬಾತ್‌ರೂಮಿಗೆ ಹೋಗಿ ಅತ್ತಿದ್ದೂ ಉಂಟು. ಆದರೆ ಬೆಳಿಗ್ಗೆ ಚಾಲೂ ಮಾಡಿದ ಯಂತ್ರ ಸಂಜೆಯ ಗಂಟೆ ಬಾರಿಸುವವರೆಗೆ ಚಾಲೂ ಇರುತ್ತಿತ್ತು. ಬರೆದದ್ದು ಉಳಿಯುತ್ತಿತ್ತು. ನನ್ನಂಥ ಹೆದರುಪುಕ್ಕಲಿಗೆ ಅದಕ್ಕಿಂತ ದೊಡ್ಡ ಧೈರ್ಯ ಬೇರೆ ಇರಲಿಲ್ಲ.

ಆಮೇಲೆ ನಿಮ್ಮ ಕಚೇರಿಯ ತಾಕೀದು ಬಂತು. ಎಲ್ಲ ಕಾಲೇಜುಗಳಲ್ಲೂ ಒಂದೇ ಆಪರೇಟಿಂಗ್ ಸಿಸ್ಟಮ್ ಇರಬೇಕು, ಅದು ವಿಂಡೋಸಿನ ಹೊಸ ಆವೃತ್ತಿಯೇ ಆಗಿರಬೇಕು, ಏಕರೂಪತೆ ಬಹು ಮುಖ್ಯ. ಏಕರೂಪತೆ ಎಂಬ ಪದವನ್ನು ನೀವು ಎಷ್ಟು ಪ್ರೀತಿಯಿಂದ ಬಳಸಿದ್ದೀರೆಂದರೆ, ಓದಿದವರಿಗೆ ಎಲ್ಲ ಕಾಲೇಜುಗಳಿಗೂ ಒಂದೇ ರೂಪದ ಹೊಸ ಯಂತ್ರಗಳು ಬರುತ್ತವೆಂಬ ಆಸೆ ಹುಟ್ಟಬೇಕು. ಬಂದದ್ದು ಗುತ್ತಿಗೆ ಸಂಸ್ಥೆಯ ಇಬ್ಬರು ಮತ್ತು ಒಂದು ಪೆನ್‌ಡ್ರೈವ್. ಅವರು ಮೊದಲ ಯಂತ್ರಕ್ಕೆ ಅದನ್ನು ಚುಚ್ಚಿದಾಗ ನಾವೆಲ್ಲ ಹಿಂದೆ ನಿಂತಿದ್ದೆವು. ಪರದೆಯ ಮೇಲೆ ವಿಂಡೋಸ್ ತಾನಾಗಿಯೇ ಒಂದು ಸಂದೇಶ ತೋರಿಸಿತು: ಈ ಕಂಪ್ಯೂಟರು ನನ್ನನ್ನು ನಡೆಸಲು ಬೇಕಾದ ಕನಿಷ್ಠ ಅರ್ಹತೆಗಳನ್ನು ಹೊಂದಿಲ್ಲ. ಅಷ್ಟು ಸ್ಪಷ್ಟವಾಗಿ, ಕೆಂಪು ಗುರುತಿನ ಪಕ್ಕದಲ್ಲಿ. ಮಾರ್ಕಂಡೇಯ ಸರ್ ಅದನ್ನು ಬೆರಳಿಟ್ಟು ತೋರಿಸಿದರು. ಬಂದವರಲ್ಲಿ ಒಬ್ಬ ತಲೆಯೆತ್ತದೆ ತೆಲುಗಿನಲ್ಲಿ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ; ನಮ್ಮ ಕನ್ನಡದಲ್ಲಿ ಅದು ಹೀಗಾಗುತ್ತದೆ. “ಅದು ಎಲ್ಲಾ ಕಡೆ ಹಂಗs ಅಂತೈತಿ ಸರ್. ಅದರ ಬಾಯಿ ಮುಚ್ಚಿಸಾ ದಾರಿ ನಮಗ ಗೊತ್ತೈತಿ.” ಏನೋ ನಾಲ್ಕು ಸಾಲು ಟೈಪ್ ಮಾಡಿದ. ಬಾಯಿ ಮುಚ್ಚಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಏಕೆಂದರೆ ನಾನು ವಿಂಡೋಸಿನ ವೈರಿ ಎಂದು ನಿಮ್ಮ ಕಚೇರಿ ಆಮೇಲೆ ನನಗೆ ಕಳಿಸಿದ ನೋಟಿಸಿನಲ್ಲಿ ಸೂಚನೆ ಇದೆ. ಆ ದಿನ ಲ್ಯಾಬಿನಲ್ಲಿ ವಿಂಡೋಸಿನಷ್ಟು ಪ್ರಾಮಾಣಿಕವಾಗಿ ಬೇರೆ ಯಾರೂ ನಡೆದುಕೊಳ್ಳಲಿಲ್ಲ. ಅದು ತನಗೆ ಬೇಕಾದ ಭದ್ರತಾ ಚಿಪ್ ಇಲ್ಲಿಲ್ಲ ಎಂದಿತು, ಪ್ರೊಸೆಸರು ಹಳೆಯದೆಂದಿತು, ಬೇಡ ಎಂದಿತು. ಅದನ್ನು ಮಾಡಿದವರೇ ಬೇಡವೆಂದ ಯಂತ್ರಕ್ಕೆ ಅದನ್ನು ತುರುಕಿದ್ದು ನಿಮ್ಮ ತಾಕೀದು. ಹೀಗಿರುವಾಗ ಯಂತ್ರ ಕೆಟ್ಟರೆ ತಪ್ಪು ವಿಂಡೋಸಿನದೋ, ಲಿನಕ್ಸಿನದೋ, ಮೈಲಾರಲಿಂಗನದೋ?

ಮೂಲೆಯ ಕಿಟಕಿಯ ಬಳಿ ಒಂದು ಯಂತ್ರವಿದೆ. ಅದರ ಪೆನ್‌ಡ್ರೈವ್ ಚುಚ್ಚುವ ಕಂಡಿಗಳು ಮುರಿದುಹೋಗಿವೆ. ಬಂದವರು ಅದನ್ನು ಆಮೇಲೆ ನೋಡಿಕೊಳ್ಳುತ್ತೇವೆಂದು ಬಿಟ್ಟು ಹೋದರು. ಹೀಗಾಗಿ ಇಡೀ ಲ್ಯಾಬಿನಲ್ಲಿ ಹಳೆಯ ಲಿನಕ್ಸ್ ಉಳಿದದ್ದು ಅದೊಂದರಲ್ಲೇ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ; ನಿಮ್ಮ ವರದಿ ಇದನ್ನು ಮರೆತಿದೆ.

ಮರುದಿನ ಬೆಳಿಗ್ಗೆ ಮಲ್ಲೇಶ್ವರಿ ಭಂಡಾರ ಹಚ್ಚಿದಳು. ಅವಳ ಊರು ಕೊತ್ತಪಲ್ಲಿಯ ಕಡೆಯದು, ಕುರಿ ಸಾಕುವ ಮನೆ, ಬೀರಪ್ಪನಿಗೂ ಮೈಲಾರನಿಗೂ ನಡೆದುಕೊಳ್ಳುವವರು. ಆ ಮನೆಗೆ ಹೊಸದಾಗಿ ಏನು ಬಂದರೂ ಮೊದಲು ಅದಕ್ಕೆ ಮೈಲಾರನ ಅರಿಶಿನ ಮುಟ್ಟಬೇಕು. ಹೊಸ ಕಂಬಳಿಗೆ ಹಚ್ಚುತ್ತಾರೆ, ಅವಳ ಅಣ್ಣನ ಮೊಬೈಲಿಗೆ ಹಚ್ಚಿದ್ದಾರೆ, ಅವಳ ಹಾಲ್ ಟಿಕೆಟಿನ ಮೂಲೆಯಲ್ಲೂ ಒಂದು ಹಳದಿ ಬೆರಳ ಗುರುತಿದೆ. ಲ್ಯಾಬಿಗೆ ಹೊಸದೇನೋ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ಅವಳು ಟ್ರಂಕಿನಿಂದ ಪೊಟ್ಟಣ ತಂದು ಪ್ರತಿ ಯಂತ್ರದ ನೆತ್ತಿಗೂ ಒಂದು ಬೆರಳು ಎಳೆದಳು. ನಿಜವಾಗಿ ನೋಡಿದರೆ ಬಂದದ್ದು ಹೊಸ ವಸ್ತುವೇ ಅಲ್ಲ, ಹಳೆಯ ಯಂತ್ರದೊಳಗಿನ ಹೊಸ ತಂತ್ರಾಂಶ. ಅದಕ್ಕೆ ಅರಿಶಿನ ಹಚ್ಚುವುದು ಹೇಗೆಂದು ನಾನು ಚುಡಾಯಿಸಿದೆ. “ಒಳಗಿರಾದು ಕಾಣಂಗಿಲ್ಲ, ಅದಕ್ಕs ಮ್ಯಾಲ ಹಚ್ಚಾದು. ನಿನ್ನ ತಲಿಗೆ ಎಣ್ಣಿ ಹಚ್ಚಂಗಿಲ್ಲೇನು, ಒಳಗ ಏನೂ ಇಲ್ದಿದ್ರೂ?” ಎಂದಳು. ಅದನ್ನು ತೆಲುಗಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂಲೆಯ ಯಂತ್ರಕ್ಕೂ ಹಚ್ಚಿದಳು. ಅದರಲ್ಲಿ ಹೊಸದೇನೂ ಇಲ್ಲವೆಂದು ನಾನು ಹೇಳಿದಾಗ, ಅದೊಂದನ್ನೇ ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತದೆಂದು ಪೊಟ್ಟಣದಲ್ಲಿ ಉಳಿದದ್ದೆಲ್ಲ ಅದಕ್ಕೇ ಸುರಿದಳು.

ಪುಡಿ ಕಂಪ್ಯೂಟರಿಗೆ ಒಳ್ಳೆಯದೇ? ಅಲ್ಲ. ಫ್ಯಾನಿನ ಬಾಯಿಗೆ ಯಾವ ಪುಡಿಯೂ ಹೋಗಬಾರದು. ಅದನ್ನು ನಾನೂ ಒಪ್ಪುತ್ತೇನೆ, ಮಲ್ಲೇಶ್ವರಿಯೂ ಒಪ್ಪುತ್ತಾಳೆ. ಮುಂದೆ ಪರದೆಯ ಅಂಚಿಗೆ ಒದ್ದೆ ಬೆರಳಿನಲ್ಲಿ ಹಚ್ಚುತ್ತೇನೆ ಎಂದು ಅವಳೇ ಹೇಳಿದ್ದಾಳೆ. ಆದರೆ ಕರಿಹಲಗೆಯ ಸೀಮೆಸುಣ್ಣದ ಪುಡಿ ವರ್ಷಾನುಗಟ್ಟಲೆ ಹೋಗಿದೆ. ಗಾಜಿಲ್ಲದ ಕಿಟಕಿಯಿಂದ ಬೇಸಿಗೆಯ ಧೂಳು ಹೋಗಿದೆ. ನಿಮ್ಮ ವರದಿ ಬಂದ ಮೇಲೆ ಮಾರ್ಕಂಡೇಯ ಸರ್ ಒಂದು ಯಂತ್ರದ ಮುಚ್ಚಳ ಬಿಚ್ಚಿ ನಮ್ಮೆಲ್ಲರಿಗೂ ತೋರಿಸಿದರು. ಬಿಳಿ ಧೂಳು ಇತ್ತು, ಕೆಂಪು ಧೂಳು ಇತ್ತು, ಹಲ್ಲಿಯ ಮೊಟ್ಟೆಯ ಸಿಪ್ಪೆ ಇತ್ತು. ಹಳದಿ ಇರಲಿಲ್ಲ. ನೀವು ಮುಚ್ಚಳ ಬಿಚ್ಚಿಸಿ ನೋಡಿದ್ದೀರಾ ಸರ್? ನಾನು ಅಲ್ಲೇ ನಿಂತಿದ್ದೆ. ನೀವು ಬಿಚ್ಚಿಸಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬಂತು. ಅದಕ್ಕೂ ಮೊದಲೇ ಯಂತ್ರಗಳು ತಾವಾಗಿಯೇ ಆರಿ ಹೊತ್ತಿಕೊಳ್ಳಲು ಶುರುಮಾಡಿದ್ದವು. ಪರದೆಯ ಅಕ್ಷರಗಳು ಗೋಡೆಬರಹದಷ್ಟು ದೊಡ್ಡದಾಗಿದ್ದವು, ಏಕೆಂದರೆ ಆ ಹಳೆಯ ಪರದೆಯ ಭಾಗವನ್ನು ಓಡಿಸುವ ಡ್ರೈವರು ಎಂಬ ಪುಟ್ಟ ತಂತ್ರಾಂಶ ಹೊಸ ವಿಂಡೋಸಿಗೆ ಸಿಕ್ಕಿರಲಿಲ್ಲ. ನೆನಪಿನ ಶಕ್ತಿಯೆಲ್ಲ ವಿಂಡೋಸ್ ತಾನು ನಿಲ್ಲಲಿಕ್ಕೇ ಬಳಸಿಕೊಂಡು ನಮಗೆ ಚೂರುಪಾರು ಬಿಡುತ್ತಿತ್ತು. ಮಾರ್ಕಂಡೇಯ ಸರ್ ನಿಮ್ಮ ಕಚೇರಿಗೆ ಎರಡು ಸಲ ಬರೆದು ತಿಳಿಸಿದರು, ಉತ್ತರ ಬರಲಿಲ್ಲ. ಪರೀಕ್ಷೆಯಲ್ಲಿ ಮಲ್ಲೇಶ್ವರಿ ನನ್ನ ಪಕ್ಕದಲ್ಲೇ ಕೂತಿದ್ದಳು. ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಮು ಅವಳದು. ಅವಳು ನನ್ನ ಹಾಗೆ ಹೆದರಿ ಹೆದರಿ ಬರೆಯುವುದಿಲ್ಲ. ಮೊದಲು ಕಾಗದದ ಮೇಲೆ ಯೋಚಿಸಿ ಆಮೇಲೆ ಒಂದೇ ಸಮನೆ ಟೈಪ್ ಮಾಡುತ್ತಾಳೆ. ಕೊನೆಯ ಸಾಲಿಗೆ ಬಂದಾಗ ಅವಳ ಪರದೆ ನೀಲಿಯಾಯಿತು. ಮತ್ತೆ ಹೊತ್ತಿಕೊಂಡು, ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ ಎಂದಿತು. ಅವಳು ಆರಿಸಲಿಲ್ಲ. ಕೈಕಟ್ಟಿ ಕೂತು ಕಾದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹೊತ್ತು ಮುಗಿಯಿತೆಂದು ‘ಅಪೂರ್ಣ’ ಎಂದು ಬರೆದುಕೊಂಡು ಹೋದರು. ಅವಳೊಬ್ಬಳದೇ ಅಲ್ಲ, ಇನ್ನೂ ಹಲವರ ಪರದೆ ಹಾಗೆಯೇ ಆಯಿತು. ನನ್ನದು ಆಗಲಿಲ್ಲ. ನನ್ನ ಪುಣ್ಯಕ್ಕೆ ನನಗೆ ಮೂಲೆಯ ಯಂತ್ರ ಸಿಕ್ಕಿತ್ತು.

ಆ ಗಲಾಟೆಯ ಮೇಲೆ ನೀವು ಬಂದಿರಿ. ಮಾರ್ಕಂಡೇಯ ಸರ್ ನಿಮಗೆ ಡ್ರೈವರುಗಳ ವಿಷಯ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಿಮ್ಮ ಕಣ್ಣಿಗೆ ಹಳದಿ ಬಿತ್ತು. ನೀವು ಒಂದು ಯಂತ್ರದ ನೆತ್ತಿಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ಪ್ರಿನ್ಸಿಪಾಲರಿಗೆ ತೋರಿಸಿ, ಯಾರಿದನ್ನು ಮಾಡಿದ್ದೆಂದು ಕೇಳಿದಿರಿ. ಎಂಥ ನೆಮ್ಮದಿ ನಿಮ್ಮ ಮುಖದಲ್ಲಿ! ಕಾರಣ ಸಿಕ್ಕಿತ್ತು. ನಿಮ್ಮ ಸಹಿಯಿದ್ದ ತಾಕೀದನ್ನು ಮುಟ್ಟದ ಕಾರಣ. ಮಲ್ಲೇಶ್ವರಿ ಎದ್ದು ನಿಂತಳು. ಯಾರೂ ಅವಳ ಹೆಸರು ಹೇಳಿರಲಿಲ್ಲ, ಹೇಳುತ್ತಲೂ ಇರಲಿಲ್ಲ.

“ನಾನs ಹಚ್ಚೀನಿ ಸರ್. ಹೊಸಾದು ಬಂದ್ರ ನಮ್ಮಾಗ ಹಚ್ಚತೀವಿ ರಿ.”

“ಇದನ್ನೇನು ಕುರಿದೊಡ್ಡಿ ಅಂತ ತಿಳ್ಕೊಂಡೀಯೇನು? ಇಲ್ಲಿಗೆ ಓದಾಕ ಬಂದೀಯೋ, ಹೊಲಸು ಮಾಡಾಕ ಬಂದೀಯೋ?”

ಇದು ನಿಮ್ಮ ಬಾಯಿಂದ ಬಂದ ಕನ್ನಡ. ವರದಿಯಲ್ಲಿ ಇದು ‘ವಿದ್ಯಾರ್ಥಿನಿಗೆ ಸೂಕ್ತ ತಿಳಿವಳಿಕೆ ನೀಡಲಾಯಿತು’ ಎಂದು ಇಂಗ್ಲಿಷಿಗೆ ಅನುವಾದವಾಗಿದೆ. ಎಷ್ಟು ಸೊಗಸಾದ ಅನುವಾದ.

ನಿಮ್ಮ ವರದಿ ಕೈಗೆ ಸಿಕ್ಕ ಮೇಲೆ ನಾನು ಅದನ್ನು ಮತ್ತೆ ಮತ್ತೆ ಓದಿದೆ. ನಿಜಕ್ಕೂ ನಾವೇ ಕೆಡಿಸಿದ್ದರೆ ಎಂಬ ಹೆದರಿಕೆ ನನಗೂ ಇತ್ತು. ಭಾನುವಾರ ಮಕ್ತಲಕ್ಕೆ ಹೋದಾಗ ದೊಡ್ಡಪ್ಪನ ಮಗ ವಿನಯಣ್ಣನನ್ನು ಕೇಳಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಅವನ ಆನ್‌ಲೈನ್ ಸೆಂಟರ್ ಇದೆ. ಅರ್ಜಿ ತುಂಬುವುದು, ಝೆರಾಕ್ಸ್, ಬೆರಳಚ್ಚು ಒತ್ತಿಸಿ ಪಿಂಚಣಿ ಕೊಡುವುದು. ಅವನು ಪಕ್ಕಾ ವಿಂಡೋಸಿನವನು. ಹಿಂದೆ ನಾನೇ ಲಿನಕ್ಸಿನ ಹೊಗಳಿಕೆ ಕೇಳಿಸಿ ಅವನ ಒಂದು ಯಂತ್ರಕ್ಕೆ ಹಾಕಿಸಿ, ಒಂದಿಡೀ ಬೆಳಗಿನ ವ್ಯಾಪಾರ ಹಾಳುಮಾಡಿದ್ದೆ. ಅದನ್ನು ಅವನು ಮರೆತಿಲ್ಲ, ಮರೆಯಲು ಬಿಡುವುದೂ ಇಲ್ಲ. “ಬಾ ತಂಗಿ, ಪೆಂಗ್ವಿನ್ ಪೂಜಾರಿ” ಎಂದೇ ಕರೆದ. ಲಿನಕ್ಸಿನ ಗುರುತು ಪೆಂಗ್ವಿನ್ ಹಕ್ಕಿ, ಅದಕ್ಕೆ ಈ ಬಿರುದು. “ನಿಂದು ಚೊಲೋನs ಐತಿ ಬಿಡು. ಆದ್ರ ನನ್ನ ಬೆರಳಚ್ಚಿನ ಮಷೀನು ಅದರಾಗ ಕಣ್ಣs ತೆರೆಯಂಗಿಲ್ಲ. ಮುದುಕರನ್ನ ಕಟ್ಟಿಮ್ಯಾಲ ಕುಂದ್ರಿಸಿ ನಿನ್ನ ಹಕ್ಕಿ ಮುಂದ ಊದಿನಕಡ್ಡಿ ಹಚ್ಚಲೇನು?”

ಅವನ ಮಾತು ಸರಿ. ಅವನ ಕೆಲಸದ ಉಪಕರಣಗಳಿಗೆ ಡ್ರೈವರು ಇರುವುದು ವಿಂಡೋಸಿನಲ್ಲಿ, ಅವನಿಗೆ ವಿಂಡೋಸೇ ಸ್ಟೇಬಲ್. ನಮ್ಮ ಲ್ಯಾಬಿನ ಹಳೆಯ ಯಂತ್ರಗಳಿಗೆ ಡ್ರೈವರು ಇರುವುದು ಲಿನಕ್ಸಿನಲ್ಲಿ, ನಮಗೆ ಲಿನಕ್ಸೇ ಸ್ಟೇಬಲ್. ಹಾಸ್ಟೆಲಿನಲ್ಲಿ ಸಾಂಬಾರು ಆರುವವರೆಗೆ ನಾವು ಇದರ ಮೇಲೆ ಜಗಳವಾಡಿದ್ದೇವೆ, ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು. ಈಗ ಅನಿಸುತ್ತಿದೆ, ಯಂತ್ರವನ್ನು ಎದುರಿಗಿಟ್ಟುಕೊಳ್ಳದೆ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಇದು ಮೊದಲ ಸೆಮಿಸ್ಟರಿನ ನಮಗೆ ತಿಳಿಯುತ್ತದೆ, ಮಕ್ತಲದ ಝೆರಾಕ್ಸ್ ಅಂಗಡಿಗೆ ತಿಳಿಯುತ್ತದೆ. ಗದ್ವಾಲದ ನಿಮ್ಮ ದಫ್ತರಕ್ಕೆ ತಿಳಿಯದೇ? ವಿನಯಣ್ಣನೇ ಒಂದು ದಾರಿ ಹೇಳಿದ. ಯಂತ್ರದ ಕಬ್ಬಿಣ, ಅಂದರೆ ಹಾರ್ಡ್‌ವೇರ್, ಕೆಟ್ಟಿದೆಯೋ, ಒಳಗಿನ ವಿಂಡೋಸ್ ತಡೆಯುತ್ತಿಲ್ಲವೋ ಎಂದು ತಿಳಿಯಬೇಕಾದರೆ, ಯಂತ್ರಕ್ಕೆ ಏನೂ ಹಾಕದೆ ಪೆನ್‌ಡ್ರೈವಿನಿಂದಲೇ ನೇರವಾಗಿ ಲಿನಕ್ಸ್ ಓಡಿಸಿ ನೋಡು; ಅದರಲ್ಲೂ ಆರಿಹೋದರೆ ಕಬ್ಬಿಣದ ದೋಷ, ಬಾಯಿ ಮುಚ್ಚಿಕೊಂಡು ಸಹಿ ಮಾಡಿಸು ಎಂದ. ಪೆನ್‌ಡ್ರೈವನ್ನೂ ಅವನೇ ಕೊಟ್ಟ.

ಮಾರ್ಕಂಡೇಯ ಸರ್ ಅನುಮತಿ ಕೊಟ್ಟರು. ತರಗತಿಯ ಎಲ್ಲರ ಎದುರಿಗೆ ಮಾಡಬೇಕು, ಯಂತ್ರದ ಮೇಲಿನ ಭಂಡಾರ ಒರೆಸಬಾರದು ಎಂದರು. ಮಲ್ಲೇಶ್ವರಿ ಪರೀಕ್ಷೆಗೆ ಕೂತಿದ್ದ ಅದೇ ಯಂತ್ರವನ್ನು ತೆಗೆದುಕೊಂಡೆವು. ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದೆ. ಯಂತ್ರ ಎದ್ದಿತು. ಬೆಳಗಿನ ಮೊದಲ ತರಗತಿಯಿಂದ ಕೊನೆಯ ಗಂಟೆಯವರೆಗೆ, ನಡುವೆ ಊಟಕ್ಕೆ ಹೋಗಿ ಬಂದರೂ, ಎದ್ದೇ ಇತ್ತು. ಮಲ್ಲೇಶ್ವರಿಗೆ ಲ್ಯಾಬಿನೊಳಗೆ ಪ್ರವೇಶವಿಲ್ಲವಲ್ಲ. ಅವಳು ಬಾಗಿಲ ಹೊರಗೆ ನಿಂತು ಪ್ರೋಗ್ರಾಮನ್ನು ಸಾಲು ಸಾಲಾಗಿ ಹೇಳಿದಳು, ನಾನು ಒಳಗೆ ಟೈಪ್ ಮಾಡಿದೆ. ಮೊದಲ ಸಲಕ್ಕೇ ಓಡಿತು. ಅಂಕಗಳು ಒಂದರ ಕೆಳಗೊಂದು ಏರಿಕೆಯ ಕ್ರಮದಲ್ಲಿ ನಿಂತವು. ಆಮೇಲೆ ಪೆನ್‌ಡ್ರೈವ್ ಕಿತ್ತು ನಿಮ್ಮ ವಿಂಡೋಸನ್ನು ಎಬ್ಬಿಸಿದೆವು. ಸರ್ ಹಾಜರಿ ಕರೆದು ಮುಗಿಸುವಷ್ಟರಲ್ಲಿ ಪರದೆ ನೀಲಿ. ಉಳಿದ ಯಂತ್ರಗಳಲ್ಲೂ ಹೀಗೆಯೇ ಆಯಿತು. ಅದೇ ಯಂತ್ರ, ಅದೇ ಅರಿಶಿನ. ಬದಲಾದದ್ದು ಒಂದೇ ವಸ್ತು, ಅದು ಯಾವುದೆಂದು ನಾನು ಹೇಳಬೇಕೇ? ಇನ್ನು ಆ ಮೂಲೆಯ ಯಂತ್ರ, ಎಲ್ಲಕ್ಕಿಂತ ಹೆಚ್ಚು ಭಂಡಾರ ಮೈಮೇಲೆ ಸುರಿಸಿಕೊಂಡದ್ದು, ಇಂದಿನವರೆಗೆ ಒಮ್ಮೆಯೂ ಮುನಿಸಿಕೊಂಡಿಲ್ಲ.

ಇದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ನಾನೂ ಮಲ್ಲೇಶ್ವರಿಯೂ ಬಸ್ಸು ಹತ್ತಿ ಗದ್ವಾಲಕ್ಕೆ ಬಂದೆವು. ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆವು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ನೀವು ಒಳಗೆ ಫೋನಿನಲ್ಲಿ ಯಾರಿಗೋ ಹೊಲಕ್ಕೆ ನೀರು ಬಿಡುವ ಬಗ್ಗೆ ಹೇಳುತ್ತಿದ್ದದ್ದು ನಮಗೆ ಕೇಳುತ್ತಿತ್ತು. ಕಾಯುತ್ತಾ ಕೂತವರಿಗೆ ಕಣ್ಣು ಸುಮ್ಮನಿರುವುದಿಲ್ಲ. ನಿಮ್ಮ ಗುಮಾಸ್ತರ ಕಂಪ್ಯೂಟರು ನಮ್ಮ ಎದುರಿಗೇ ಇತ್ತು. ಅದರಲ್ಲಿದ್ದದ್ದು ವಿಂಡೋಸಿನ ಹಳೆಯ ಆವೃತ್ತಿ. ಪರದೆಯ ಅಂಚಿಗೆ ತೆಲುಗಿನಲ್ಲಿ ಬರೆದ ಚೀಟಿ ಅಂಟಿಸಿದ್ದರು: ಅಪ್‌ಡೇಟ್ ಮಾಡಬೇಡಿ, ಪ್ರಿಂಟರ್ ನಿಲ್ಲುತ್ತದೆ. ನನಗೆ ನಗು ಬಂತು. ಅಷ್ಟರಲ್ಲಿ ಮಲ್ಲೇಶ್ವರಿ ನನ್ನ ಮೊಣಕೈ ತಿವಿದು ಕೆಳಗೆ ನೋಡು ಎಂದಳು. ಮೇಜಿನ ಕೆಳಗಿದ್ದ ಸಿಪಿಯು ಡಬ್ಬಿಯ ಹಣೆಗೆ ಕುಂಕುಮ, ಅದರ ಮೇಲೆ ಒಣಗಿದ ಚೆಂಡುಹೂವಿನ ಎಸಳುಗಳು. ದಸರೆಯ ಆಯುಧಪೂಜೆಯದು. ಫ್ಯಾನಿನ ಬಾಯಿಗೇ ಮೂರು ಬೆರಳು ಕುಂಕುಮ ಎಳೆದಿದ್ದರು.

ಈಗ ನನ್ನ ಪ್ರಶ್ನೆ ಶುದ್ಧ ತಾಂತ್ರಿಕವಾದದ್ದು. ಕುಂಕುಮ ಕಂಪ್ಯಾಟಿಬಲ್, ಭಂಡಾರ ಅಲ್ಲವೇ? ದಸರೆಯ ಪುಡಿಗೆ ನಿಮ್ಮಲ್ಲಿ ಡ್ರೈವರು ಉಂಟು, ಮೈಲಾರನ ಪುಡಿಗೆ ಇಲ್ಲವೇ? ನಿಮ್ಮ ದಫ್ತರದಲ್ಲಿ ಹಚ್ಚಿದರೆ ಸಂಪ್ರದಾಯ, ಕುರಿ ಕಾಯುವವರ ಮಗಳು ಹಚ್ಚಿದರೆ ಹೊಲಸು ಆಗುವುದು ಯಾವ ಆವೃತ್ತಿಯಿಂದ ಜಾರಿಗೆ ಬಂತು? ನಿಮ್ಮ ಪ್ರಿಂಟರು ನಿಲ್ಲಬಾರದೆಂದು ಹಳೆಯದನ್ನೇ ಉಳಿಸಿಕೊಳ್ಳುವ ಬುದ್ಧಿ ನಿಮಗಿದೆ. ನಮ್ಮ ಪರೀಕ್ಷೆ ನಿಲ್ಲಬಾರದೆಂದು ಮಾರ್ಕಂಡೇಯ ಸರ್ ಅದೇ ಬುದ್ಧಿ ಉಪಯೋಗಿಸಿದರೆ ಅದು ಏಕರೂಪತೆಗೆ ಭಂಗವೇ?

ಆ ದಿನ ನೀವು ಹೊರಗೆ ಬಂದಿರಿ, ನಮ್ಮನ್ನು ನೋಡಿದಿರಿ, ನಾವು ಎದ್ದು ನಿಂತೆವು. ನಾನು ವಿಡಿಯೋ ಎಂದಷ್ಟೇ ಹೇಳಿದ್ದೆ. ಇ-ಮೇಲ್ ಮಾಡಿ ಎಂದು ನಡೆದುಬಿಟ್ಟಿರಿ. ಇ-ಮೇಲ್ ಮಾಡಿದೆ. ವಾರ ತುಂಬುವ ಮೊದಲೇ ಉತ್ತರ ಬಂತು; ನಿಮ್ಮ ಕಚೇರಿ ಇಷ್ಟು ಚುರುಕೆಂದು ನನಗೆ ಗೊತ್ತಿರಲಿಲ್ಲ. ಅದರಲ್ಲಿ ವಿಡಿಯೋದ ಬಗ್ಗೆ ಒಂದು ಅಕ್ಷರವಿರಲಿಲ್ಲ. ಸರಕಾರಿ ಯಂತ್ರದಲ್ಲಿ ಅನಧಿಕೃತ ತಂತ್ರಾಂಶ ಓಡಿಸಿದ್ದಕ್ಕೆ ನನ್ನ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬ ನೋಟಿಸು ಇತ್ತು, ಅದಕ್ಕೆ ಅವಕಾಶ ಕೊಟ್ಟ ಮಾರ್ಕಂಡೇಯ ಸರ್ ಅವರಿಂದ ವಿವರಣೆ ಕೇಳಿತ್ತು. ಕನಿಷ್ಠ ಅರ್ಹತೆಯಿಲ್ಲ ಎಂದು ಕೂಗಿದ ವಿಂಡೋಸಿನ ಬಾಯಿ ಮುಚ್ಚಿಸಿ ತುರುಕಿದ್ದು ಅಧಿಕೃತ. ಯಂತ್ರದ ಒಂದು ಕೂದಲೂ ಕೊಂಕದಂತೆ ಪೆನ್‌ಡ್ರೈವಿನಿಂದ ಪರೀಕ್ಷಿಸಿದ್ದು ಅನಧಿಕೃತ. ಸರ್, ನಾನು ಕಂಪ್ಯೂಟರ್ ಸೈನ್ಸ್ ಓದಲು ಸೇರಿದ್ದೇನೆ. ಪರೀಕ್ಷಿಸಿ ನೋಡುವುದೇ ಅಪರಾಧವಾದರೆ ಮುಂದಿನ ಸೆಮಿಸ್ಟರುಗಳಲ್ಲಿ ನಮಗೆ ಏನು ಕಲಿಸುವಿರಿ?

ಈ ನಡುವೆ ಮಲ್ಲೇಶ್ವರಿ ಊರಿಗೆ ಹೋದಳು. ಹಾಸ್ಟೆಲಿನಿಂದ ಯಾರೋ ಮನೆಗೆ ಫೋನು ಮಾಡಿ ವಿಷಯ ಹೇಳಿದ್ದರು. ಅವಳ ತಂದೆ ಕಿಷ್ಟಪ್ಪ ಬಂದು ಕರೆದುಕೊಂಡು ಹೋದರು. ಮೊನ್ನೆ ನಾನು ಅವರ ಮನೆಗೆ ಹೋಗಿದ್ದೆ. ತಾಯಿ ಪೆಂಟಮ್ಮ ರೊಟ್ಟಿ ಬಡಿಸಿದರು. ಓದಿಸಲು ಅವರಿಗೆ ತೊಂದರೆಯಿಲ್ಲ, ಮನಸ್ಸೂ ಇದೆ. ಮಗಳು ಕಂಪ್ಯೂಟರ್ ಓದುತ್ತಾಳೆಂದು ಸಂತೆಯಲ್ಲಿ ಹೇಳಿಕೊಂಡು ಬಂದವರು. ಕಿಷ್ಟಪ್ಪನವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

“ನೀ ಇಂಗ್ಲೀಷ್ ಓದಿದಾಕಿ, ನೀ ಹೇಳವ್ವಾ. ನಮ್ಮ ಭಂಡಾರದಿಂದ ಕೆಟ್ಟಾವೇನು?”

ಅಲ್ಲ ಎಂದೆ. ಹೇಗೆ ಪರೀಕ್ಷೆ ಮಾಡಿದೆವೆಂದು ಹೇಳಿದೆ. ವಿಡಿಯೋ ತೋರಿಸಿದೆ. ಅವರು ಪೂರ್ತಿ ನೋಡಿದರು, ಎರಡು ಸಲ.

“ಹಂಗಾದ್ರ ಅದನ್ನ ಅವರು ಬರೆದು ಕೊಡಲಿ. ನಾನs ಕರಕೊಂಡು ಬರತೀನಿ. ಮೈಲಾರನ ಭಂಡಾರಕ್ಕ ಹೊಲಸು ಅಂದಲ್ಲಿ ನನ್ನ ಮಗಳು ಸುಮ್ನ ಹೋಗಿ ಕುಂದ್ರಾದು ಬ್ಯಾಡ. ದೇವರಿಗೂ ಆ ಮಷೀನಿಗೂ ಆಗಿಬರಾದಿಲ್ಲ ಅಂದ್ರ ಮಷೀನು ಅವರs ಇಟ್ಕೊಳ್ಳಲಿ.”

ಗದ್ವಾಲದ ಕುರ್ಚಿಯಲ್ಲಿ ಕೂತ ನೀವೂ, ಕುರಿಹಟ್ಟಿಯ ಮುಂದೆ ಕೂತ ಅವರೂ ಬೇರೆಬೇರೆ ದಾರಿಯಿಂದ ಒಂದೇ ಜಾಗಕ್ಕೆ ಬಂದು ನಿಂತಿದ್ದೀರಿ, ಇವಳು ಆ ಯಂತ್ರದ ಮುಂದೆ ಕೂರುವುದು ಬೇಡವೆಂಬಲ್ಲಿಗೆ. ಅವರು ಸಿಟ್ಟಿನಿಂದ ಬಂದರು. ಅದಕ್ಕೆ ಕಾರಣವಿತ್ತು. ನೀವು ಸೋಮಾರಿತನದಿಂದ ಬಂದಿರಿ. ಸುಲಭದ ದಾರಿಯೊಂದಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ: ಆ ಹೇಳಿಕೆಗೆ ಸಹಿ ಮಾಡಿಬಿಡಲಿ, ಎರಡು ಸಾಲು, ಯಾರು ಓದುತ್ತಾರೆ. ವಾರ್ಡನ್ ಹೇಳಿದರು, ಪ್ರಿನ್ಸಿಪಾಲರು ಹೇಳಿದರು. ಅದನ್ನು ಅಲ್ಲಿ ಮೆಲ್ಲಗೆ ನಾನೂ ಎತ್ತಿದೆ. ಮಲ್ಲೇಶ್ವರಿ ಒಲೆಯ ಬಳಿಯಿಂದಲೇ ಉತ್ತರ ಕೊಟ್ಟಳು, ನನಗೂ ಅಪ್ಪನಿಗೂ ಒಟ್ಟಿಗೆ.

“ದೇವರ ಸುದ್ದಿನೂ ಅಲ್ಲ, ನನ್ನ ಸುದ್ದಿನೂ ಅಲ್ಲ ಇದು. ನಾ ಸಹಿ ಮಾಡಿದ್ರ ನನಗ ಪರೀಕ್ಷಿ ಸಿಗತೈತಿ. ಆ ಮಷೀನು ಹಂಗs ಇರತಾವು. ಯಾಕ ಕೆಟ್ಟಾವು ಅಂತ ಆಮ್ಯಾಲ ಯಾರೂ ಕೇಳಾದಿಲ್ಲ, ಉತ್ತರ ಬರದು ಇಟ್ಟೈತಲ್ಲ. ಮುಂದಿನ ವರ್ಷದ ಹುಡುಗ್ಯಾರದೂ ಹಿಂಗs ಹೋಗತೈತಿ.”

ಇದಕ್ಕೆ ನಿಮ್ಮ ಬಳಿ ಉತ್ತರವಿದ್ದರೆ ಬರೆಯಿರಿ. ತಪ್ಪು ಕಾರಣವನ್ನು ಒಪ್ಪಿಕೊಂಡರೆ ಸರಿಯಾದ ಕಾರಣ ಎಂದಿಗೂ ಸಿಗುವುದಿಲ್ಲ ಎಂಬುದನ್ನು ಅವಳು ಪ್ರೋಗ್ರಾಮಿನ ದೋಷ ಹುಡುಕುತ್ತಾ ಕಲಿತಳು. ನೀವು ಎಲ್ಲಿ ಮರೆತಿರಿ?

ಆದ್ದರಿಂದ ನನ್ನ ಒತ್ತಾಯ. ನಿಮ್ಮ ವರದಿಯಿಂದ ಭಂಡಾರದ ಆ ವಾಕ್ಯವನ್ನು ಹಿಂತೆಗೆದುಕೊಂಡಿದ್ದೇನೆಂದು ಲಿಖಿತವಾಗಿ ಕೊಡಿ, ಕಿಷ್ಟಪ್ಪನವರಿಗೆ ಅರ್ಥವಾಗುವ ಕನ್ನಡದಲ್ಲಿ. ನಿಮಗೆ ಬರುತ್ತದೆಂದು ನಮಗೆ ಗೊತ್ತಿದೆ. ಶುಕ್ರವಾರದ ಮರುಪರೀಕ್ಷೆಯನ್ನು ಯಂತ್ರಗಳು ತಾಳಬಲ್ಲ ವ್ಯವಸ್ಥೆಯಲ್ಲಿ ನಡೆಸಲು ಮಾರ್ಕಂಡೇಯ ಸರ್ ಅವರಿಗೆ ಬಿಡಿ. ಅಂದು ಪರದೆ ನೀಲಿಯಾದ ಎಲ್ಲರಿಗೂ ಅದರಲ್ಲಿ ಅವಕಾಶ ಕೊಡಿ. ನನ್ನ ಮಾತಿನ ಮೇಲೆ ನಂಬಿಕೆಯಿಲ್ಲದಿದ್ದರೆ ನೀವೇ ಬಂದು, ನೀವೇ ಪೆನ್‌ಡ್ರೈವ್ ಚುಚ್ಚಿ ನೋಡಿ. ನಾನು ತೋರಿಸಿದ್ದು ಸುಳ್ಳಾದರೆ ನಿಮ್ಮ ಆ ಹೇಳಿಕೆಗೆ ನಾನು ಸಹಿ ಮಾಡುತ್ತೇನೆ.

ಶುಕ್ರವಾರ ಬೆಳಿಗ್ಗೆ ನಾನು ಹಾಲ್ ಟಿಕೆಟ್ ಹಿಡಿದು ಲ್ಯಾಬಿನ ಬಾಗಿಲಿಗೆ ಬರುತ್ತೇನೆ. ನಾನು ಪಾಸಾಗಿರುವುದರಿಂದ ಬೆಳಗಿನ ಮರುಪರೀಕ್ಷೆಯಲ್ಲಿ ನನಗೆ ಕೆಲಸವಿಲ್ಲ, ಆದರೆ ಅದೇ ದಿನ ಮಧ್ಯಾಹ್ನ ನನ್ನ ಎರಡನೇ ಪ್ರಾಕ್ಟಿಕಲ್ ಇದೆ. ಮಲ್ಲೇಶ್ವರಿಯನ್ನು ಒಳಗೆ ಬಿಡದಿದ್ದರೆ ನಾನೂ ಅದಕ್ಕೆ ಹೋಗುವುದಿಲ್ಲ. ಹೊರಗೆ ವರಾಂಡದಲ್ಲಿ ಕೂರುತ್ತೇನೆ. ಇದನ್ನು ನಾನು ಮನೆಯಲ್ಲಿ ಹೇಳಿಲ್ಲ. ಅಜ್ಜಿಗೆ ಪತ್ರಿಕೆ ಓದುವಾಗ ತಿಳಿಯುತ್ತದೆ. ಹೊರಗೆ ಕೂರುತ್ತೇನೆಂಬ ಸಾಲನ್ನು ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಉಳಿಸಿದ್ದೇನೆ.

ಇಂತಿ,
ನಿಮ್ಮ ನೋಟಿಸಿಗೆ ಉತ್ತರಿಸಲು ಇನ್ನೂ ಧೈರ್ಯ ಕೂಡಿಸುತ್ತಿರುವ,
ಪುಣ್ಯಕ್ಕೆ ಮೂಲೆಯ ಯಂತ್ರ ಸಿಕ್ಕು ಪಾಸಾದ,
ಭುವನೇಶ್ವರಿ
ಮೊದಲ ವರ್ಷ, ಊರು ಮಕ್ತಲ